ಮೂವತ್ತೊಂದು ಹೊಗೆಯ ಊರು

ಫೆಬ್ರವರಿ 6, 2007, ಮಂಗಳವಾರ. ಫೋರ್ಟ್ ಮಿಲ್

ಗಂಡ ಜಯಕರ ತಂದುಕೊಟ್ಟ ಈ ಡೈರಿಯಲ್ಲಿ ಜನವರಿ ಪೂರ್ತಿ ಖಾಲಿ. ಬರೆಯೋಕೆ ಏನಿತ್ತು ಮಣ್ಣು? ಅವರು ಬೆಳಗ್ಗೆ ಶಾರ್ಲಟ್‌ಗೆ, ಬ್ಯಾಂಕಿನ ಕೆಲಸಕ್ಕೆ ಹೊರಡ್ತಾರೆ. ಮಗಳು ನವ್ಯಾ ಸ್ಕೂಲ್ ಬಸ್ ಹತ್ತುತ್ತಾಳೆ. ಆಮೇಲೆ ಈ ಮನೆಯಲ್ಲಿ ನಾನು ಮತ್ತು ಡಿಶ್‌ವಾಷರ್. ಮಂಗಳೂರಿನ ಕಾಲೇಜಿನಲ್ಲಿ ಹನ್ನೊಂದು ವರ್ಷ ಹಿಸ್ಟರಿ ಪಾಠ ಮಾಡಿದವಳು ನಾನು. ಇಲ್ಲಿ ನನ್ನ ವೀಸಾ ಪ್ರಕಾರ ಮೋಹಿನಿ ಅಂದ್ರೆ ಡಿಪೆಂಡೆಂಟ್. ಗ್ರೀನ್ ಕಾರ್ಡ್ ಬರೋವರೆಗೆ ಕೆಲಸ ಮಾಡೋ ಹಾಗಿಲ್ಲ, ತೆಪ್ಪಗೆ ಕೂತಿರಬೇಕು.

ತೆಪ್ಪಗೆ ಕೂರೋದು ನನ್ನ ಜಾಯಮಾನ ಅಲ್ಲ. ಅದಕ್ಕೇ ಲೈಬ್ರರಿಯಲ್ಲಿ ಸಂಬಳ ಇಲ್ಲದ ಮೇಷ್ಟ್ರಗಿರಿ ಹಿಡಿದಿದ್ದೀನಿ. ಬೇರೆ ದೇಶದಿಂದ ಬಂದವರಿಗೆ ಇಂಗ್ಲಿಷ್ ಮಾತು ಕಲಿಸೋದು, ಮಂಗಳವಾರ ಮತ್ತು ಗುರುವಾರ.

ಇವತ್ತು ಹೊಸಬರೊಬ್ಬರು ಬಂದರು. ಎಪ್ಪತ್ತು ದಾಟಿದ ಹೆಂಗಸು, ಬೋಸ್ನಿಯಾದವರು. ತಲೆಗೆ ಸಡಿಲವಾಗಿ ಕಟ್ಟಿದ ಹೂವಿನ ಸ್ಕಾರ್ಫ್, ಹೆಸರು ಹನೀಫಾ. ಮೊದಲ ದಿನ ಎಲ್ಲರೂ ಎದ್ದು ಹೆಸರು, ಊರು ಹೇಳಬೇಕು. ಈಯಮ್ಮ ಮೇಜಿಗೆ ಕೈಯೂರಿ ನಿಂತು, ಒಡಕು ಇಂಗ್ಲಿಷಿನಲ್ಲಿ ಹೇಳಿದ್ದು ಇಷ್ಟು: “ನನ್ನ ಊರು ತ್ರಿ ವ್ರೆಲಾ. ಅಲ್ಲಿ ಯಾರೂ ಇಲ್ಲ ಅಂತ ಕಂಪ್ಯೂಟರ್ ಹೇಳುತ್ತೆ. ಕಂಪ್ಯೂಟರ್ ಸುಳ್ಳ.”

ಇಡೀ ಕ್ಲಾಸ್ ನಕ್ಕಿತು. ಅವರು ನಗಲಿಲ್ಲ. ನನ್ನ ಸರದಿ ಬಂದಾಗ ನಾನು ಯಾವತ್ತಿನ ಹಾಗೆ “ಮಂಗಳೂರು” ಅಂದೆ.

ಫೆಬ್ರವರಿ 13, ಮಂಗಳವಾರ

ಕ್ಲಾಸ್ ಮುಗಿದಮೇಲೆ ಹನೀಫಾ ನನ್ನ ಕೈ ಹಿಡಿದು ಎಳೆದುಕೊಂಡೇ ಮನೆಗೆ ಕರೆದೊಯ್ದರು. ಎರಡು ರಸ್ತೆ ಆಚೆ, ಮಗನ ಮನೆ. ತಾಮ್ರದ ಪುಟ್ಟ ಪಾತ್ರೆಯಲ್ಲಿ ಕಾಫಿ ಉಕ್ಕಿಸಿ, ಹಿಡಿಯಿಲ್ಲದ ಬಟ್ಟಲಿಗೆ ಬಗ್ಗಿಸಿ ಕೊಟ್ಟರು. ಸಕ್ಕರೆ ತುಂಡನ್ನ ಕಾಫಿಗೆ ಹಾಕೋ ಹಾಗಿಲ್ಲ, ಹಲ್ಲಲ್ಲಿ ಕಚ್ಚಿ ಹಿಡಿದುಕೊಂಡು ಕುಡೀಬೇಕಂತೆ. ನಾನು ಹಾಕಿಬಿಟ್ಟೆ, ಬೈಸಿಕೊಂಡೆ.

ಮೊಮ್ಮಗಳು ಸೆಲ್ಮಾ ನಮ್ಮ ನವ್ಯಾ ವಯಸ್ಸಿನವಳು, ಹೈಸ್ಕೂಲು. ಅವಳ ಸ್ಕೂಲ್ ಪ್ರಾಜೆಕ್ಟಿನಿಂದಲೇ ಇದೆಲ್ಲ ಶುರುವಾದದ್ದು. ಆನ್‌ಲೈನ್ ವಿಶ್ವಕೋಶ ಒಂದಿದೆಯಲ್ಲ, ಯಾರು ಬೇಕಾದರೂ ಬರೆಯಬಹುದಾದದ್ದು, ಅದರಲ್ಲಿ ಅಜ್ಜಿಯ ಊರು ಹುಡುಕಿದ್ದಾಳೆ. ಸಿಕ್ಕಿದ್ದು ಎರಡು ಸಾಲು. “ತ್ರಿ ವ್ರೆಲಾ, ಬೋಸ್ನಿಯಾದ ಒಂದು ನಿರ್ಜನ ಹಳ್ಳಿ. ಜನಸಂಖ್ಯೆ: 0.”

“ಯಾರು ಎಣಿಸಿದ್ದು?” ಅಂತ ಹನೀಫಾ ನನ್ನನ್ನೇ ಕೇಳಿದರು, ನಾನೇ ಎಣಿಸಿ ಬಂದವಳೋ ಅನ್ನೋ ಥರ. “ನಾನು ಇಲ್ಲಿದ್ದೀನಿ. ನಮ್ಮೂರಿನ ಸೆನಾದ್ ಅಟ್ಲಾಂಟಾದಲ್ಲಿದ್ದಾನೆ. ಅವನ ಅಕ್ಕ ಸೇಂಟ್ ಲೂಯಿಸ್‌ನಲ್ಲಿದ್ದಾಳೆ. ನಾವೇನು ಸೊನ್ನೆಯಾ?”

“ನೀವೇ ಚೇಂಜ್ ಮಾಡ್ಬಹುದು ಆಂಟಿ,” ಅಂದಳು ಸೆಲ್ಮಾ ಇಂಗ್ಲಿಷಿನಲ್ಲಿ. “ಎನಿವನ್ ಕ್ಯಾನ್. ಈವನ್ ಯೂ.”

ಈವನ್ ಯೂ ಅಂತೆ! ಮನೆಗೆ ಬರೋ ದಾರಿ ಪೂರ್ತಿ ಉರೀತು ನಂಗೆ.

ಮಾರ್ಚ್ 6, ಮಂಗಳವಾರ

ಈಗ ನಾನು ತ್ರಿ ವ್ರೆಲಾದ ಇತಿಹಾಸಕಾರ್ತಿ. ಹನೀಫಾ ಹೇಳ್ತಾರೆ, ಸೆಲ್ಮಾ ಮಧ್ಯೆ ಮಧ್ಯೆ ತರ್ಜುಮೆ ಮಾಡ್ತಾಳೆ, ನಾನು ಬರೀತೀನಿ. ಹೆಸರಿನ ಅರ್ಥ ಮೂರು ಒರತೆ. ಎರಡು ಒರತೆ ಊರಿನದು, ಮೂರನೆಯದಕ್ಕೆ ಮೇಲಿನ ಕೇರಿಗೂ ಕೆಳಗಿನ ಕೇರಿಗೂ ನೂರು ವರ್ಷದ ಜಗಳ. ತಗಡಿನ ತುದಿಯ ಪುಟ್ಟ ಮಸೀದಿ. ಆಸ್ಟ್ರಿಯಾದವರ ಕಾಲದಲ್ಲಿ ಹಾಕಿದ ಕಲ್ಲುರಸ್ತೆ. ಪ್ಲಮ್ ಹಣ್ಣಿನ ತೋಪು, ಸೆಪ್ಟೆಂಬರಿನಲ್ಲಿ ಊರಿಗೆ ಊರೇ ದೊಡ್ಡ ಹಂಡೆಯಲ್ಲಿ ಜಾಮ್ ಕುದಿಸೋದು.

ಆಮೇಲೆ 1992ರ ಜೂನ್. ಅದನ್ನ ಅವರು ನಾಲ್ಕೇ ಮಾತಲ್ಲಿ ಮುಗಿಸಿದರು. ಸೈನಿಕರು ಬಂದರು. ಗಂಡಸರನ್ನ ಬೇರೆ ನಿಲ್ಲಿಸಿದರು. ನನ್ನ ಗಂಡ, ನನ್ನ ದೊಡ್ಡ ಮಗ. ಮನೆಗಳು ಸುಟ್ಟುಹೋದವು. ಸೆಲ್ಮಾ ಇಷ್ಟನ್ನು ತರ್ಜುಮೆ ಮಾಡಿ ಅಡುಗೆಮನೆಗೆ ಎದ್ದುಹೋದಳು. ಅವಳಿಗೂ ಇದು ಮೊದಲ ಸಲ ಗೊತ್ತಾಗಿದ್ದು ಅಂತ ಕಾಣುತ್ತೆ.

ಮಾತಿನ ಕೊನೆಗೆ ಕೇಳಿದೆ, “ಯುದ್ಧಕ್ಕೆ ಮೊದಲು ನೀವು ಎಷ್ಟಿದ್ರಿ?”

“ಮೂವತ್ತೊಂದು,” ಅಂದರು, ಯೋಚನೆ ಸಹ ಮಾಡದೆ.

ಇವರ ಇನ್ನೊಬ್ಬ ಮಗ, ಸೆಲ್ಮಾಳ ಅಪ್ಪ, ಮಿರ್ಸಾದ್. ಟ್ರಕ್ ಓಡಿಸ್ತಾನೆ. ಒಳಗೆ ಬಂದವನು ಮೇಜಿನ ಮೇಲಿನ ಕಾಗದ ನೋಡಿದ, ನನ್ನ ಮುಖ ನೋಡಿದ, ಹಲೋ ಅಂತ ಸಹ ಅನ್ನದೆ ಮಹಡಿ ಹತ್ತಿದ. ಆಯ್ತಪ್ಪ, ನಿನ್ನ ಮನೆ, ನಿನ್ನ ಮುಖ.

ಮಾರ್ಚ್ 20, ಮಂಗಳವಾರ

ಹಾಕಿಬಿಟ್ಟೆ! ನವ್ಯಾ ಪಕ್ಕದಲ್ಲಿ ಕೂತು ಬಟನ್ ತೋರಿಸಿದಳು. ಮೂರು ಪ್ಯಾರಾ ಇತಿಹಾಸ, ಕೆಳಗೆ “ಜನಸಂಖ್ಯೆ, 1991: 31”. ಸೊನ್ನೆ ಹೋಯ್ತು. ಹನೀಫಾ ಸ್ಕ್ರೀನನ್ನ ಕೈಯಿಂದ ಸವರಿದರು.

ಜಯಕರ ರಾತ್ರಿ ಊಟಕ್ಕೆ ಕೂತು ಓದಿದರು. “ಪರವಾಗಿಲ್ವೇ! ನಮ್ಮ ಉಡುಪಿಗೂ ಇಷ್ಟು ಉದ್ದ ಬರೆದಿಲ್ಲ ಯಾರೂ. ಯಾವ ದೇಶದ ಯಾವ ಹಳ್ಳಿಯೋ, ನಿಂಗ್ಯಾಕೆ ಇಷ್ಟು ಉರಿ?”

“ಸಾಂಬಾರ್ ಹಾಕಿಕೊಳ್ಳಿ,” ಅಂದೆ.

ಮಾರ್ಚ್ 25, ಭಾನುವಾರ

ಅಯ್ಯೋ ರಾಮ. ಮುಖ ಎಲ್ಲಿ ಇಟ್ಕೊಳ್ಳಲಿ?

ಬೆಳಗ್ಗೆ ಸೆಲ್ಮಾ ಫೋನ್ ಮಾಡಿ, “ಆಂಟಿ, ಬೇಗ ಬನ್ನಿ,” ಅಂದಳು. ಹೋದರೆ ಅವರ ಮನೆ ಫೋನ್ ಕೆಳಗಿಡೋಕೇ ಬಿಡದ ಹಾಗೆ ಹೊಡ್ಕೊಳ್ತಿದೆ. ಮೊದಲು ಅಟ್ಲಾಂಟಾದ ಸೆನಾದ್. ಸೆಲ್ಮಾ ಸ್ಪೀಕರಿಗೆ ಹಾಕಿದಳು. ಗಂಟಲು ಹರಿಯೋ ಹಾಗೆ ಕೂಗ್ತಾ ಇದ್ದ, ನನಗೋಸ್ಕರ ಇಂಗ್ಲಿಷಿನಲ್ಲೇ.

“ಯಾರು ಆ ಟೀಚರ್? ಮೂವತ್ತೊಂದಾ? ನಮ್ಮಮ್ಮನ ಅಡುಗೆಮನೆಯೊಂದರಲ್ಲೇ ಒಂಬತ್ತು ಜನ ಇದ್ವಿ! ಮಿಕ್ಕವರನ್ನ ಏನು ಮಾಡಿದೆ ನೀನು? ಅವರು ಕೊಂದಿದ್ದು ಸಾಲದು ಅಂತ ನೀನು ಬೇರೆ ಕೊಂದೆಯಾ?”

ಆಮೇಲೆ ಸೇಂಟ್ ಲೂಯಿಸ್. ಆಮೇಲೆ ಸ್ವೀಡನ್ ಅಂತೆ. ಎಲ್ಲರದೂ ಒಂದೇ ಬೈಗುಳ.

ಆದದ್ದು ಏನು ಅಂದ್ರೆ, ಆ ಊರಿನ ಹಳಬರು ಜನವನ್ನ ತಲೆ ಲೆಕ್ಕದಲ್ಲಿ ಎಣಿಸೋದೇ ಇಲ್ಲ. ಹೊಗೆ ಲೆಕ್ಕ. ಎಷ್ಟು ಮನೆಯ ಹೊಗೆಗೂಡಿನಿಂದ ಹೊಗೆ ಏಳುತ್ತೋ ಊರು ಅಷ್ಟು ದೊಡ್ಡದು. ಅವರಲ್ಲಿ ಅದು ಎಷ್ಟು ಸಹಜ ಅಂದ್ರೆ, ಹೊಗೆ ಅನ್ನೋ ಪದವನ್ನೂ ಸೇರಿಸಿ ಹೇಳಲ್ಲ. ಹಿಸ್ಟರಿ ಲೆಕ್ಚರರ್ ಮಹಾತಾಯಿ, ಎಷ್ಟು ಏನು ಅಂತ ಕೇಳಬೇಕಿತ್ತು ತಾನೆ? ಫಸ್ಟ್ ಇಯರ್ ಹುಡುಗರು ಹೀಗೆ ಮಾಡಿದ್ದರೆ ಪೇಪರ್ ಮುಖಕ್ಕೆ ಎಸೀತಿದ್ದೆ.

ನಾನು ನಾಚಿಕೆಯಿಂದ ಸಾಯ್ತಿದ್ದರೆ ಹನೀಫಾ ಅಂತೂ ಮದುವೆಮನೆಯ ಯಜಮಾನಿ ಥರ ಕೂತಿದ್ದರು. ಕೆನ್ನೆ ಕೆಂಪಗೆ. ಹದಿನೈದು ವರ್ಷದಿಂದ ಒಬ್ಬರ ದನಿ ಇನ್ನೊಬ್ಬರು ಕೇಳದವರು ಇವತ್ತು ನನ್ನನ್ನ ಬೈಯ್ಯೋ ನೆಪದಲ್ಲಿ ಸಿಕ್ಕಿದ್ದಾರೆ. ಬೈದು ಮುಗಿಸಿದವರು ಯಾರ ಮಗಳಿಗೆ ಮದುವೆ, ಯಾರಿಗೆ ಸಕ್ಕರೆ ಕಾಯಿಲೆ ಅಂತ ಶುರು ಮಾಡ್ತಿದ್ದರು.

“ಬಯ್ಯಲಿ ಬಿಡು, ಟೀಚರ್,” ಅಂದರು. “ಇಲ್ಲದ ಊರಿನವರು ಹೀಗೆ ಬಯ್ಯಲ್ಲ.”

ಮಾರ್ಚ್ 29, ಗುರುವಾರ

ಆ ವಿಶ್ವಕೋಶದಲ್ಲಿ ಗ್ರಿಡ್‌ಮ್ಯಾನ್ ಅಂತ, ಬೇರೆಯವರು ಬರೆದದ್ದನ್ನ ತಿದ್ದೋನು ಒಬ್ಬ ಇದ್ದಾನೆ. ನಿಜವಾದ ಹೆಸರು ಯಾರಿಗೆ ಗೊತ್ತು. ನಾನು 31 ಅಂತ ಹಾಕಿದ್ದೆ, ಸ್ವೀಡನ್ನಿನವರು ಯಾರೋ 200 ಮಾಡಿದರು, ಸೆನಾದ್ 180 ಮಾಡಿದ. ಈ ಗ್ರಿಡ್‌ಮ್ಯಾನ್ ಎಲ್ಲವನ್ನೂ ಅಳಿಸಿ ಮತ್ತೆ ಸೊನ್ನೆ ಕೂರಿಸಿದ್ದಾನೆ. ಮೇಲೊಂದು ನೋಟೀಸು: ಮುದ್ರಿತ ಆಧಾರ ಇಲ್ಲ, ಅಲ್ಲಿ ಯಾರೂ ವಾಸವಿಲ್ಲ, ಈ ಪುಟವನ್ನೇ ತೆಗೆದು ಪಕ್ಕದ ಹಳ್ಳಿಯ ಪುಟಕ್ಕೆ ಒಂದು ಸಾಲು ಸೇರಿಸಬೇಕು, ಜೂನ್ ಕೊನೆಯವರೆಗೆ ಗಡುವು.

ಹನೀಫಾಗೆ ಹೇಳಿದೆ. ಅವರು ಕೇಳಿದರು, “ಪಕ್ಕದ ಹಳ್ಳಿಗಾ? ಆ ಸೈನಿಕರಿಗೆ ನಮ್ಮ ಮನೆಗಳ ದಾರಿ ತೋರಿಸಿದವರು ಆ ಹಳ್ಳಿಯವರೇ.”

ತೆಗೆಯೋಕೆ ಬಿಡಲ್ಲ. ಅವನು ಗ್ರಿಡ್‌ಮ್ಯಾನ್ ಆದರೆ ನಾನು ಹನ್ನೊಂದು ವರ್ಷ ಬ್ಯಾಕ್‌ಬೆಂಚಿನವರನ್ನ ಆಳಿದವಳು.

ಏಪ್ರಿಲ್ 15, ಭಾನುವಾರ

ಇವತ್ತು ಹನೀಫಾ ಕಾಫಿ ಬಗ್ಗಿಸ್ತಾ ಕೇಳಿದರು, “ನಿನ್ನ ಊರಲ್ಲಿ ಎಷ್ಟು ಹೊಗೆ?”

“ಮಂಗಳೂರು ದೊಡ್ಡ ಸಿಟಿ. ಅಲ್ಲೆಲ್ಲ ಗ್ಯಾಸ್,” ಅಂದೆ.

ಸುಳ್ಳೇನಲ್ಲ. ಆದರೆ ನಾನು ಹುಟ್ಟಿದ್ದು ಕೊಡಿಪಾದೆ ಅನ್ನೋ ಹಳ್ಳಿಯಲ್ಲಿ. ನಂಗೆ ಒಂಬತ್ತು ವರ್ಷ ಇದ್ದಾಗ ಕಾರ್ಖಾನೆಗೆ ಜಾಗ ಬೇಕು ಅಂತ ಲಾರಿ ತಂದು ಎಲ್ಲರನ್ನೂ ಎಬ್ಬಿಸಿದರು. ಅದರ ಮಾತು ಈಗ ಯಾಕೆ? ಯಾರೂ ಕೊಂದಿಲ್ಲ, ಪರಿಹಾರ ಕೊಟ್ಟರು, ಆಯ್ತು, ಹೋಯ್ತು.

ಮೇ 25, ಶುಕ್ರವಾರ. ಲ್ಯಾನ್‌ಹ್ಯಾಮ್

ಮೆಮೋರಿಯಲ್ ಡೇ ಲಾಂಗ್ ವೀಕೆಂಡಿಗೆ ಗೋಪಿನಾಥ ಅವರ ಮನೆಗೆ ಬಂದಿದ್ದೀವಿ. ಜಯಕರರ ಹಳೇ ರೂಮ್‌ಮೇಟು. ಇವತ್ತು ಬೆಳಗ್ಗೆ ಇಲ್ಲಿನ ಶಿವ ವಿಷ್ಣು ದೇವಸ್ಥಾನದಲ್ಲಿ ಪೂಜೆ ಬುಕ್ ಆಗಿತ್ತು, ಗ್ರೀನ್ ಕಾರ್ಡ್ ಬೇಗ ಬರಲಿ ಅಂತ. ಗಂಡ ಹೆಂಡತಿ ಜೊತೆಗೆ ಕೂತು ಸಂಕಲ್ಪ ಮಾಡಬೇಕು.

ನಾನು ಕೂರಲಿಲ್ಲ. ಮೆಟ್ರೋ ಹತ್ತಿ ವಾಷಿಂಗ್ಟನ್ನಿನ ದೊಡ್ಡ ಲೈಬ್ರರಿಗೆ ಹೋದೆ. ಹಳೇ ಯುಗೋಸ್ಲಾವಿಯಾದ 1991ರ ಜನಗಣತಿ ಪುಸ್ತಕ ಅಲ್ಲಿದೆ ಅಂತ ಗೊತ್ತು ಮಾಡಿಕೊಂಡಿದ್ದೆ. ವಾರದ ದಿನ ಮಾತ್ರ ಕೊಡ್ತಾರೆ, ಶುಕ್ರವಾರ ಬಿಟ್ಟರೆ ನಂಗೆ ಇನ್ಯಾವಾಗ?

ಹೊರಡುವಾಗ ಕಾರಿನ ಹತ್ತಿರ ಜಯಕರ ಹಲ್ಲು ಕಚ್ಚಿ ಹೇಳಿದರು. “ನಾನೂರು ಮೈಲಿ ಡ್ರೈವ್ ಮಾಡ್ಕೊಂಡು ಬಂದಿದ್ದು ಇದಕ್ಕಾ? ನಂಗೊಬ್ಬನಿಗೇ ಬೇಕಾ ಗ್ರೀನ್ ಕಾರ್ಡು? ಭಟ್ಟರು ಕೇಳಿದ್ರೆ ಏನು ಹೇಳಲಿ?”

“ಹೆಂಡ್ತಿ ಕೆಲಸಕ್ಕೆ ಹೋಗಿದ್ದಾಳೆ ಅಂತ ಹೇಳಿ,” ಅಂದೆ.

ಆರು ವರ್ಷದಿಂದ ಆ ವಾಕ್ಯ ನನ್ನ ಬಾಯಿಂದ ಬಂದಿರಲಿಲ್ಲ. ಪುಸ್ತಕ ಸಿಕ್ಕಿತು. ಸಣ್ಣ ಅಕ್ಷರ, ಹಳದಿ ಕಾಗದ. ತ್ರಿ ವ್ರೆಲಾ, ನೂರ ಎಂಬತ್ತಾರು. ಓದೋ ಕೋಣೆ ಅನ್ನೋದೂ ಮರೆತು ಜೋರಾಗಿ “ಸಿಕ್ತು!” ಅಂದುಬಿಟ್ಟೆ. ಪಕ್ಕದ ಟೇಬಲ್ಲಿನ ಮುದುಕ ಕನ್ನಡಕದ ಮೇಲಿಂದ ನೋಡಿದ.

ಸಾಯಂಕಾಲ ಜಯಕರ ಮುಖ ಊದಿಸಿಕೊಂಡೇ ಇದ್ದರು. ಆದರೆ ನನ್ನ ಪಾಲಿನ ಪುಳಿಯೋಗರೆ ಪ್ರಸಾದ ಡಬ್ಬಿಯಲ್ಲಿ ಹಾಕಿಸಿಕೊಂಡು ಬಂದಿದ್ದರು.

ಜೂನ್ 10, ಭಾನುವಾರ

ಹನೀಫಾಗೆ ನೂರ ಎಂಬತ್ತಾರು ಅಂತ ಹೇಳಿದ ಕೂಡಲೇ ನನ್ನ ಎರಡೂ ಕೆನ್ನೆಗೆ ಮುತ್ತಿಟ್ಟರು. ಲ್ಯಾಪ್‌ಟಾಪ್ ತೆಗೆದು ಹಾಕೋಣ ಅಂತ ಕೂತೆ. ಮಿರ್ಸಾದ್ ಬಂದು ಲ್ಯಾಪ್‌ಟಾಪ್ ಮುಚ್ಚಿದ. ಮೆಲ್ಲಗೇ ಮುಚ್ಚಿದ.

“ಬೇಡ, ಟೀಚರ್. ಸೊನ್ನೆ ಇರಲಿ.”

“ಯಾಕಪ್ಪ?”

“ನಂಗಾಗ ಇಪ್ಪತ್ತೆರಡು ವರ್ಷ. ಅಪ್ಪನನ್ನ, ಅಣ್ಣನನ್ನ ಎಲ್ಲಿ ನಿಲ್ಲಿಸಿದರು ಅಂತ ನಂಗೆ ಗೊತ್ತು. ಸೊನ್ನೆ ಮಾಡಿದ್ದು ಅವರು. ಅದು ಅವರು ಮಾಡಿದ ಅಪರಾಧ. ನೀವು ಬಂದು ಅಲ್ಲಿ ಒರತೆ, ಪ್ಲಮ್ ಜಾಮು, ನೂರ ಎಂಬತ್ತಾರು ಜನ ಅಂತ ಚೆಂದ ಮಾಡಿ ಬರೆದರೆ, ನೋಡಿ, ಊರು ಚೆನ್ನಾಗೇ ಇದೆಯಲ್ಲ, ಏನಾಗಿದೆ ಅಂತಾರೆ. ಸೊನ್ನೆಗೆ ಕೈ ಹಾಕಬೇಡಿ.”

ಹನೀಫಾ ಅವರ ಭಾಷೆಯಲ್ಲಿ ಏನೋ ಕಿರುಚಿದರು. ಅವನೂ ಕಿರುಚಿದ. ನಾನು ಚಪ್ಪಲಿ ಹಾಕಿಕೊಂಡು ಬಂದುಬಿಟ್ಟೆ.

ಜೂನ್ 12, ಮಂಗಳವಾರ

ಲ್ಯಾಪ್‌ಟಾಪ್ ತೆರೆದೆ, ಮಿರ್ಸಾದ್ ಹೇಳಿದ್ದು ನೆನಪಾಗಿ ಮತ್ತೆ ಮುಚ್ಚಿದೆ. ಹನೀಫಾ ಕ್ಲಾಸಿಗೆ ಬರಲಿಲ್ಲ.

ಜೂನ್ 17, ಭಾನುವಾರ

ಸುಮ್ಮನೆ ಅಮ್ಮನಿಗೆ ಫೋನ್ ಮಾಡಿದೆ. ಸುರತ್ಕಲ್‌ನಲ್ಲಿ ಅಕ್ಕನ ಮನೆಯಲ್ಲಿದ್ದಾರೆ. ಬೆನ್ನುನೋವು, ಮಳೆ, ಅಕ್ಕನ ಮಗನ ಬೈಕು, ಎಲ್ಲ ಆಯ್ತು. ಫೋನ್ ಇಡುವಾಗ ಅದ್ಯಾಕೆ ಬಾಯಿಗೆ ಬಂತೋ, “ಅಮ್ಮ, ಕೊಡಿಪಾದೆಯಲ್ಲಿ ಎಷ್ಟು ಒಲೆ ಉರೀತಿತ್ತು?” ಅಂದೆ.

ಅಷ್ಟೇ, ಅಮ್ಮ ಶುರು ಮಾಡಿದರು ನೋಡಿ. ಬಾವಿಕರೆಯ ಪೂವಪ್ಪಣ್ಣನದ್ದು ಒಂದು. ಕಮಲಕ್ಕನದ್ದು. ಗುಡ್ಡೆ ಮೇಲೆ ಲಿಲ್ಲಿಬಾಯಿಯದ್ದು, ಕ್ರಿಸ್ಮಸ್ಸಿಗೆ ಕುಸ್ವಾರ್ ತಿಂಡಿ ಕಳಿಸ್ತಿದ್ದಳಲ್ಲ, ನೆನಪಿಲ್ವಾ ನಿಂಗೆ? ಬೊಗ್ಗು ಶೆಟ್ಟರ ಮನೆಯಲ್ಲಿ ಎರಡು, ಅಣ್ಣತಮ್ಮಂದಿರು ಪಾಲಾದ ಮೇಲೆ ಸೊಸೆ ಬೇರೆ ಒಲೆ ಹೂಡಿದಳು. ಹೀಗೇ ಹತ್ತೊಂಬತ್ತು. ಒಂದೊಂದು ಒಲೆಗೂ ಒಂದು ಕಥೆ. ಫೋನ್ ಕಾರ್ಡ್ ಮುಗಿಯೋವರೆಗೆ ನಾನು ಹೂಂಗುಟ್ಟಿದೆ.

ಕೊನೆಗೆ ಅಮ್ಮ ಹೇಳಿದರು, “ಸರ್ಕಾರದ ಕಾಗದದಲ್ಲಿ ಏನು ಬರೆದಿದ್ದರು ಗೊತ್ತುಂಟಾ? ಜನವಸತಿ ಇಲ್ಲದ ಪಾಳುಭೂಮಿ ಅಂತ. ನಿನ್ನ ಅಪ್ಪ ಅದನ್ನು ಓದಿ, ಹಾಗಾದರೆ ನಾವು ಯಾರು ಅಂತ ಕೇಳಿದ್ದರು ತಹಶೀಲ್ದಾರರನ್ನ.”

ಅಪ್ಪ ಹಾಗೆ ಕೇಳಿದ್ದು ನಂಗೆ ಗೊತ್ತೇ ಇರಲಿಲ್ಲ. ನಾನು ಎಲ್ಲರಿಗೂ ಮಂಗಳೂರು ಅಂತ ಹೇಳಿಕೊಂಡು ತಿರುಗಿದ್ದೀನಿ. ಅತ್ತುಬಿಟ್ಟೆ, ಹೌದು, ಸಿಂಕಿನ ಮುಂದೆ ನಿಂತು ಅತ್ತೆ.

ಜೂನ್ 19, ಮಂಗಳವಾರ

ಮಿರ್ಸಾದ್ ಟ್ರಕ್ ತೊಳೀತಾ ಇದ್ದ. ನೇರ ಹೋಗಿ ನಿಂತೆ.

“ನಿನ್ನ ಸೊನ್ನೆ ನೋಡಿದವನಿಗೆ ಕೊಲೆ ಕಾಣಲ್ಲ,” ಅಂದೆ. “ಅಲ್ಲಿ ಯಾವತ್ತೂ ಯಾರೂ ಇರಲೇ ಇಲ್ಲ ಅಂತ ಕಾಣುತ್ತೆ. ನನ್ನ ಊರಿಗೂ ಹಾಗೇ ಬರೆದರು. ಖಾಲಿ ಜಾಗ ಅಂತ. ಹತ್ತೊಂಬತ್ತು ಒಲೆ ಉರೀತಿದ್ದಾಗ ಹಾಗೆ ಬರೆದರು. ಮೊದಲು ನೂರ ಎಂಬತ್ತಾರು, ಆಮೇಲೆ ಸೊನ್ನೆ. ಎರಡೂ ಒಂದರ ಕೆಳಗೆ ಒಂದು ಇರಲಿ. ಆಗ ಓದಿದವನು, ಮಧ್ಯೆ ಏನಾಯ್ತು ಅಂತ ಕೇಳಲೇಬೇಕು.”

ಅವನು ಪೈಪ್ ಹಿಡಿದುಕೊಂಡೇ ನಿಂತಿದ್ದ, ನೀರು ಅವನ ಶೂ ಮೇಲೆ ಬೀಳ್ತಾ ಇತ್ತು.

“ನಿಮ್ಮ ಊರಿಗೂ?” ಅಂದ.

“ಹೂಂ.”

ಒಳಗೆ ಬಂದ. ಲ್ಯಾಪ್‌ಟಾಪ್ ಅವನೇ ತೆರೆದ. 1991: 186. 1992 ಜುಲೈ: 0. ಮಧ್ಯದಲ್ಲಿ ಜೂನ್ ತಿಂಗಳಲ್ಲಿ ನಡೆದದ್ದು ಎರಡು ವಾಕ್ಯ, ಅವನು ಹೇಳಿದ ಹಾಗೆ, ಒಂದು ವಿಶೇಷಣವೂ ಇಲ್ಲದೆ. ಆಧಾರ: ಜನಗಣತಿ ಪುಸ್ತಕ, ಪುಟದ ಸಂಖ್ಯೆ ಸಮೇತ. ತಗೋ ಗ್ರಿಡ್‌ಮ್ಯಾನ್, ಏನು ಮಾಡ್ತೀಯ ಮಾಡು.

ಜುಲೈ 4, ಬುಧವಾರ

ಪುಟ ಉಳೀತು! ಗ್ರಿಡ್‌ಮ್ಯಾನ್ ನೋಟೀಸು ತೆಗೆದಿದ್ದಾನೆ. ಆದರೆ ಮೊದಲ ಸಾಲಿನಲ್ಲಿ “ನಿರ್ಜನ ಹಳ್ಳಿ” ಹಾಗೇ ಇದೆ, ಈಗಿನ ಜನಸಂಖ್ಯೆಯೂ ಸೊನ್ನೆಯೇ. ಅದು ಸರಿ ತಾನೆ, ನಿಜವಾಗಿ ಅಲ್ಲಿ ಯಾರೂ ಇಲ್ಲವಲ್ಲ ಅಂತ ನಾನು ಸಮಾಧಾನ ಮಾಡಿಕೊಂಡಿದ್ದೆ.

ಹನೀಫಾ ಮಾಡಿಕೊಂಡಿಲ್ಲ. ಇವತ್ತು ಅವರ ಹಿತ್ತಲಲ್ಲಿ ಕುಕ್‌ಔಟ್. ಅಟ್ಲಾಂಟಾದಿಂದ ಸೆನಾದ್ ಬಂದಿದ್ದ, ಐವತ್ತರ ಆಸುಪಾಸು, ಒಂಟಿ, ರೂಫಿಂಗ್ ಕೆಲಸ. ಫೋನಿನಲ್ಲಿ ಹುಲಿ ಥರ ಇದ್ದವನು ನನ್ನ ಮುಂದೆ ನಿಂತು ತಲೆ ಕೆರೆದುಕೊಂಡ. ಎಲ್ಲರ ತಟ್ಟೆಗೂ ಮಾಂಸ ಬಿದ್ದಮೇಲೆ, ನಂಗೆ ಬರೀ ಜೋಳ, ಹನೀಫಾ ಎದ್ದು ನಿಂತರು. ಆಗಸ್ಟಿನಲ್ಲಿ ಊರಿಗೆ ಹೋಗ್ತೀನಿ, ಒಲೆ ಹಚ್ಚುತ್ತೀನಿ, ಚಳಿಗಾಲ ಅಲ್ಲೇ ಇರ್ತೀನಿ ಅಂತ ಹೇಳಿ ಕೂತರು.

ಯಾವುದೋ ಪರಿಹಾರ ಸಂಸ್ಥೆ ಎರಡು ಮೂರು ವರ್ಷದ ಹಿಂದೆ ಅಲ್ಲಿ ನಾಲ್ಕು ಮನೆಗೆ ಹೊಸ ಛಾವಣಿ ಹಾಕಿಸಿದೆಯಂತೆ. ಹನೀಫಾದು ಒಂದು, ಸೆನಾದ್ ತಾಯಿಯದು ಒಂದು. ಬೀಗ ತೆಗೆಯೋರೇ ಇಲ್ಲ.

ಮಿರ್ಸಾದ್ ತಟ್ಟೆ ಇಟ್ಟುಬಿಟ್ಟ. “ಹುಚ್ಚು ಹಿಡಿದಿದೆಯಾ? ಗದ್ದೆಯಲ್ಲಿ ಇನ್ನೂ ಲ್ಯಾಂಡ್‌ಮೈನ್ ಇವೆ. ಆಸ್ಪತ್ರೆಗೆ ಒಂದು ಗಂಟೆ ದಾರಿ. ಬಿದ್ದರೆ ಯಾರು ಎತ್ತೋರು? ನಾನು ಏರ್‌ಪೋರ್ಟಿಗೂ ಬಿಡಲ್ಲ.”

“ಬಿಡಬೇಡ,” ಅಂದರು. “ಟೀಚರ್ ಬಿಡ್ತಾರೆ.”

ಎಲ್ಲರೂ ನನ್ನ ಕಡೆ ತಿರುಗಿದರು. ಜಯಕರ ಕಣ್ಣಲ್ಲೇ ಬೇಡ ಬೇಡ ಅಂದರು. ಸೆನಾದ್ ಮಾತ್ರ ಕಲ್ಲಂಗಡಿ ಬೀಜ ಉಗೀತಾ ಕೂತಿದ್ದ.

“ಬಿಡ್ತೀನಿ,” ಅಂದೆ.

ಆಗಸ್ಟ್ 21, ಮಂಗಳವಾರ

ಬಿಟ್ಟು ಬಂದೆ. ಒಂದು ಸೂಟ್‌ಕೇಸು, ಕಾಫಿಯ ತಾಮ್ರದ ಪಾತ್ರೆ. ಕಾರಲ್ಲಿ ನಾನು ಸೊಂಟ, ಮಾತ್ರೆ, ಚಳಿ ಅಂತೆಲ್ಲ ಪ್ರಶ್ನೆ ಹಾಕ್ತಿದ್ದೆ. ಅವರು ಕಿಟಕಿ ಆಚೆ ನೋಡ್ತಾ, “ಸಾಯೋಕೆ ಹೋಗ್ತಿಲ್ಲ, ಟೀಚರ್. ಅಡುಗೆ ಮಾಡೋಕೆ ಹೋಗ್ತಿದ್ದೀನಿ,” ಅಂದರು.

ಚೆಕ್‌ಇನ್ ಹತ್ತಿರ ಮಿರ್ಸಾದ್ ನಿಂತಿದ್ದ, ಹೆಗಲಲ್ಲಿ ಬ್ಯಾಗು. ತಾಯಿಯ ಮುಖ ನೋಡದೆ ನಂಗೆ ಹೇಳಿದ, “ಒಂದು ವಾರಕ್ಕೆ ಅಷ್ಟೇ. ಹೊಗೆಗೂಡು ಕಟ್ಟಿಕೊಂಡಿದೆಯಾ ನೋಡಿ ಬರ್ತೀನಿ.” ಹನೀಫಾ ತಮ್ಮ ಸೂಟ್‌ಕೇಸ್ ಅವನ ಕಡೆ ಕಾಲಲ್ಲಿ ತಳ್ಳಿದರು.

ಸೆಪ್ಟೆಂಬರ್ 4, ಮಂಗಳವಾರ

ಮಿರ್ಸಾದ್ ಒಬ್ಬನೇ ವಾಪಸ್ ಬಂದಿದ್ದಾನೆ. “ಬರಲ್ಲ ಅಂದಳು,” ಅಂದ. ಸಿಟ್ಟಿನಲ್ಲಿ ಹೇಳಿದ, ಆದರೆ ಹೇಳುವಾಗ ನಕ್ಕ. ಅವನು ನಗೋದು ನಾನು ನೋಡಿದ್ದು ಇದೇ ಮೊದಲು.

ಅಕ್ಟೋಬರ್ 16, ಮಂಗಳವಾರ

ಸುದ್ದಿ ಇಲ್ಲ. ಅಲ್ಲಿ ಫೋನ್ ಸಿಗ್ನಲ್ ಸಿಗಬೇಕಾದರೆ ಗುಡ್ಡ ಹತ್ತಬೇಕಂತೆ, ಈಗ ಹಿಮ ಬಿದ್ದಿದೆಯಂತೆ. ಸೆನಾದ್ ಫೋನೂ ಎತ್ತುತ್ತಿಲ್ಲ. ನಾನು ಆವತ್ತು ಬಾಯಿ ಮುಚ್ಚಿಕೊಂಡು ಇರಬೇಕಿತ್ತಾ? ಆಕೆ ಅಲ್ಲಿ ಬಿದ್ದಿದ್ದರೆ? ಬರೆಯೋಕೆ ಆಗ್ತಿಲ್ಲ.

ನವೆಂಬರ್ 3, ಶನಿವಾರ

ಶಾರ್ಲಟ್ ಕನ್ನಡದವರ ರಾಜ್ಯೋತ್ಸವ. ಯಾವುದೋ ಸ್ಕೂಲ್ ಆಡಿಟೋರಿಯಂ. ಬಿಸಿಬೇಳೆಬಾತಿಗೆ ಉಪ್ಪು ಜಾಸ್ತಿ. ಹೊಸ ಕಮಿಟಿಯವರನ್ನ, ಅದರಲ್ಲಿ ನಾನೂ ಒಬ್ಬಳು, ಸ್ಟೇಜಿಗೆ ಕರೆದು ಪರಿಚಯ ಮಾಡಿದರು. ಸೆಕ್ರೆಟರಿ ವೇದಾ ನನ್ನ ಪಾಲಿಗೆ “ಮಿಸೆಸ್ ಜಯಕರ, ಮಂಗಳೂರು” ಅಂದಳು. ಮೈಕ್ ಇಸಿದುಕೊಂಡು ಸರಿ ಮಾಡಿದೆ. ಮೋಹಿನಿ, ಕೊಡಿಪಾದೆ, ಹತ್ತೊಂಬತ್ತು ಒಲೆಯ ಊರು. ಕೆಳಗೆ ಬಂದಾಗ ಯಾರೋ “ಅದೆಲ್ಲಿ ಬರುತ್ತೆ?” ಅಂದರು, ಹೇಳ್ತಾ ಹೇಳ್ತಾ ನನ್ನ ಹೋಳಿಗೆ ತಣ್ಣಗಾಯ್ತು. ಸೀರೆಗೆ ತುಪ್ಪ ಚೆಲ್ಲಿದೆ, ಡ್ರೈ ಕ್ಲೀನಿಂಗಿಗೆ ಹಾಕಬೇಕು.

ಹನೀಫಾ ಸುದ್ದಿ ಇಲ್ಲ.

ನವೆಂಬರ್ 11, ಭಾನುವಾರ

ಬಂತು! ಬಂತು!

ಮಿರ್ಸಾದ್, ಸೆಲ್ಮಾ ಇಬ್ಬರೂ ಬಾಗಿಲು ಬಡಿದು ಒಳಗೆ ನುಗ್ಗಿದರು. ಈಮೇಲಿನಲ್ಲಿ ಒಂದು ಫೋಟೋ. ಆ ಕಡೆಯ ಪೋಸ್ಟ್‌ಮ್ಯಾನ್ ತೆಗೆದು ಕಳಿಸಿದ್ದಂತೆ. ಹನೀಫಾಗೆ ಬರೋ ಪಿಂಚಣಿ ಕೊಡೋಕೆ ಹದಿನೈದು ವರ್ಷದಲ್ಲಿ ಮೊದಲ ಸಲ ಆ ಊರಿಗೆ ಹತ್ತಿ ಹೋಗಿದ್ದಾನೆ.

ಹಿಮ ಬಿದ್ದ ಇಳಿಜಾರು, ಸುಟ್ಟ ಗೋಡೆಗಳು, ಎಲೆಯಿಲ್ಲದ ಪ್ಲಮ್ ಮರಗಳು. ಮಧ್ಯೆ ಒಂದು ಕೆಂಪು ಹೆಂಚಿನ ಛಾವಣಿ, ಅದರಿಂದ ನೆಟ್ಟಗೆ ಏಳ್ತಿರೋ ಹೊಗೆ. ಬಾಗಿಲಲ್ಲಿ ಹೂವಿನ ಸ್ಕಾರ್ಫು. ಬದುಕಿದ್ದಾರೆ ಮುದುಕಿ! ನಾನು ಕೂತಲ್ಲೇ ಮುಖ ಮುಚ್ಚಿಕೊಂಡೆ.

“ಇರಿ, ಇರಿ,” ಅಂದ ಮಿರ್ಸಾದ್. ಅವನ ಬೆರಳು ಸ್ಕ್ರೀನಿನ ಮೇಲೆ ಸ್ವಲ್ಪ ಎಡಕ್ಕೆ ಸರೀತು. ಇಳಿಜಾರಿನ ಕೆಳಗೆ, ಮರಗಳ ಹಿಂದೆ, ಇನ್ನೊಂದು ಹೊಗೆ.

“ಇದು ಯಾರದು?” ಅಂದೆ.

ಅವನು ಮೂಗು ಸ್ಕ್ರೀನಿಗೆ ತಾಗೋ ಹಾಗೆ ಬಗ್ಗಿದ. “ಕೆಳಗಿನ ಕೇರಿ. ಅದು... ಅದು ಸೆನಾದ್‌ನ ಅಮ್ಮನ ಅಡುಗೆಮನೆ.”

ಅಟ್ಲಾಂಟಾದವನು ಯಾರಿಗೂ ಒಂದು ಮಾತು ಹೇಳದೆ ಹೊರಟುಹೋಗಿದ್ದಾನೆ, ಕಳ್ಳ. ಒಂಬತ್ತು ಜನ ಇದ್ದ ಮನೆಯಲ್ಲಿ ಒಬ್ಬನೇ ಒಲೆ ಹಚ್ಚಿಕೊಂಡು ಕೂತಿದ್ದಾನೆ. ಮಿರ್ಸಾದ್ ಸೋಫಾ ಮೇಲೆ ಕುಸಿದು, ಮಗಳ ಭುಜ ಹಿಡಿದು, ನಮ್ಮೆಲ್ಲರ ಮುಂದೆ ಬಿಕ್ಕಿ ಬಿಕ್ಕಿ ಅತ್ತ. ಜಯಕರ ಏನು ಮಾಡೋದು ತೋಚದೆ ಅವನಿಗೆ ಕಾಫಿ ತಂದುಕೊಟ್ಟರು. ಫಿಲ್ಟರ್ ಕಾಫಿ, ಲೋಟ ಡಬರಾ ಸಮೇತ. ಅವನು ಸಕ್ಕರೆ ತುಂಡು ಕೇಳಿದ.

ಅವರು ಹೋದಮೇಲೆ ಪುಟ ತೆರೆದೆ. “ನಿರ್ಜನ” ಅನ್ನೋ ಪದ ಅಳಿಸಿಬಿಟ್ಟೆ. 1991: 31 ಹೊಗೆ, 186 ಜನ. 1992: 0. ಅದರ ಕೆಳಗೆ, 2007: 2 ಹೊಗೆ. ಫೋಟೋ ಸಮೇತ.

ಅಷ್ಟರಲ್ಲಿ ನವ್ಯಾ ತನ್ನ ಕಂಪ್ಯೂಟರಿನಿಂದ ಕೂಗಿದಳು, “ಅಮ್ಮ, ಕೊಡಿಪಾದೆ ಸರ್ಚ್ ಮಾಡ್ದೆ. ಇಟ್ ಸೇಸ್ ನೋ ಸಚ್ ಪೇಜ್. ನಾನು ಕ್ರಿಯೇಟ್ ಮಾಡ್ಲಾ?”

“ಮಾಡು. ಎಷ್ಟು ಒಲೆ ಅಂತ ಅಜ್ಜಿಗೆ ಫೋನ್ ಮಾಡಿ ಕೇಳು. ಹೆಸರು ಎಲ್ಲ ಕೇಳು.”

“ಇನ್ ಕನ್ನಡ?”

“ಮತ್ತೇನು, ಬೋಸ್ನಿಯನ್‌ನಲ್ಲಾ?”

ನವೆಂಬರ್ 12, ಸೋಮವಾರ

ಗ್ರಿಡ್‌ಮ್ಯಾನ್ ಆಗಲೇ ಬಂದು ಹೋಗಿದ್ದಾನೆ. ಹೊಗೆ ಜನಸಂಖ್ಯೆಯ ಮಾನವಲ್ಲ, ಫೋಟೋ ಆಧಾರವಲ್ಲ, ಅಂತ ಎರಡು ಸಾಲು ಬರೆದು ಮತ್ತೆ ಸೊನ್ನೆ ಕೂರಿಸಿದ್ದಾನೆ. ಕೂರಿಸಲಿ. ಒಲೆ ಮೇಲೆ ಸಾರು ಕುದೀತಾ ಇದೆ, ಅದನ್ನ ಇಳಿಸಿ ಬಂದು ಮತ್ತೆ ಎರಡು ಹಾಕ್ತೀನಿ.